ಬಾಯಗಲದ ರಂದ

ಕುರುಗೋಡು,
9-2-2025, ಭಾನುವಾರ

ಮೈದುನ ಓಬಳೇಶನಿಗೆ,

ಈ ಕಾಗದ ಬರೆಯುತ್ತಿರುವವಳು ಕುರುಗೋಡಿನ ಬಡಿಗೇರ ಕಾಡಸಿದ್ದಪ್ಪನವರ ಹೆಂಡತಿ ವಿರೂಪಮ್ಮ. ನಿನಗೆ ಗೊತ್ತಿಲ್ಲವೆಂದು ಬರೆದಿಲ್ಲ. ಮರೆತಂತೆ ಕಾಣುತ್ತದೆ, ಅದಕ್ಕೆ ಬರೆದೆ. ನಾನು ಈ ಮನೆಗೆ ಬಂದು ನಲವತ್ತೊಂಬತ್ತು ವರ್ಷವಾಯಿತು. ಬಂದಾಗ ನಿನಗೆ ಐದು ವರ್ಷ, ಮೂಗು ಒರೆಸಿಕೊಳ್ಳಲು ಬರುತ್ತಿರಲಿಲ್ಲ. ಅತ್ತೆಯವರು ತೀರಿಕೊಂಡ ಮೇಲೆ ನಿನ್ನ ತಲೆಗೆ ಎಣ್ಣೆ ಹಚ್ಚಿದವಳು, ಶಾಲೆಯ ಅರ್ಜಿಗೆ ಸಹಿ ಹಾಕಿದವಳು, ಆದೋನಿಗೆ ಹೋಗಿ ಭಾಗ್ಯಳನ್ನು ನೋಡಿ ಒಪ್ಪಿ ಬಂದವಳು ನಾನೇ. ಹತ್ತನೆಯ ತರಗತಿ ಪಾಸಾಗಿ ಈ ಮನೆಗೆ ಬಂದ ಮೊದಲ ಸೊಸೆಯೂ ನಾನೇ. ಇವತ್ತಿಗೂ ಈ ಓಣಿಯಲ್ಲಿ ಯಾರ ಮನೆಯ ಹೊಸ್ತಿಲು ಕೂರಿಸಬೇಕಾದರೂ ಮೊದಲು ನನ್ನನ್ನು ಒಂದು ಮಾತು ಕೇಳುತ್ತಾರೆ. ಇಷ್ಟು ಹೇಳಿದ್ದು ದೊಡ್ಡಸ್ತಿಕೆಗಲ್ಲ. ಮುಂದೆ ಬರೆಯುವುದನ್ನು ಯಾರೋ ಹೊರಗಿನವಳು ಬರೆದಳೆಂದು ನೀನು ತಳ್ಳಿಹಾಕಬಾರದು, ಅದಕ್ಕೆ.

ಆದೋನಿಯಲ್ಲಿ ಎಲ್ಲರೂ ಆರೋಗ್ಯವೇ? ನಿನ್ನ ಸೊಂಟನೋವಿಗೆ ಬಿಸಿನೀರಿನ ಚೀಲ ಇಟ್ಟುಕೊಳ್ಳುತ್ತಿದ್ದೀಯೋ ಇಲ್ಲವೋ. ಭಾಗ್ಯಳ ತಮ್ಮನ ಮದುವೆ ಮುಗಿದು ಈಗ ಬೀಗರ ಊಟದ ಗದ್ದಲ ಇರಬೇಕು. ಕರಿದದ್ದನ್ನು ಕಡಿಮೆ ತಿನ್ನು, ನಿಮ್ಮ ಮನೆತನಕ್ಕೆ ಪಿತ್ತ ಜಾಸ್ತಿ. ಭಾಗ್ಯ ತನಗೆ ಸಕ್ಕರೆ ಇದೆಯೆಂದು ಬೀಗರ ಮುಂದೆ ಹೇಳಲು ನಾಚಿ ಹೋಳಿಗೆ ತಿಂದಾಳು, ನೋಡಿಕೋ. ನಾನು ಚೆನ್ನಾಗಿದ್ದೇನೆ. ಎರಡೂ ಹೆಬ್ಬೆರಳಿನ ಚರ್ಮ ಸುಲಿದು ಹೊಸದು ಬರುತ್ತಿದೆ, ರೊಟ್ಟಿ ತಟ್ಟಲು ಸ್ವಲ್ಪ ಉರಿಯುತ್ತದೆ. ಅದು ಯಾಕೆ ಸುಲಿಯಿತೆಂದು ಹೇಳುವುದಕ್ಕೇ ಈ ಕಾಗದ.

ಫೋನ್ ಮಾಡಬಹುದಿತ್ತು. ಫೋನಿನಲ್ಲಿ ನೀನು ನಡುವೆ ಬಾಯಿ ಹಾಕಿ 'ಹಂಗಲ್ಲ ಅತ್ತಿಗಿ, ಕೇಳಿಲ್ಲಿ' ಅನ್ನುತ್ತೀ. ಏನಾದರೂ ಹೇಳಿ ನಗಿಸುತ್ತೀ. ನಾನೂ ನಕ್ಕುಬಿಡುತ್ತೇನೆ, ವಿಷಯ ಅಲ್ಲೇ ಮುಗಿಯುತ್ತದೆ. ಗಾಜು ಒಡೆದಾಗಲೂ, ಶಾಲೆ ಬಿಟ್ಟಾಗಲೂ, ಹೆಂಡತಿಯ ಬಳೆ ಒತ್ತೆಯಿಟ್ಟಾಗಲೂ ನೀನು ಹೀಗೇ ತಪ್ಪಿಸಿಕೊಂಡವನು. ಕಾಗದದ ಮುಂದೆ ಅದು ನಡೆಯುವುದಿಲ್ಲ. ಕೊನೆಯವರೆಗೆ ಓದಲೇಬೇಕು.

ನಿಮ್ಮಣ್ಣ ತೀರಿಕೊಂಡು ವರ್ಷ ತುಂಬಿದ ಮೇಲೆ ನೀನು ಬಳ್ಳಾರಿಯಲ್ಲಿ ಅಂಗಡಿ ಹಾಕುತ್ತೇನೆಂದೆ. ಹಾಕು ಎಂದೆ. ನಮ್ಮ ಕೆಲಸದ ಚಪ್ಪರದಲ್ಲಿದ್ದ ಗರಗಸ, ಉಳಿ, ಬಾಚಿ, ಮರ ಹೆರೆಯುವ ಸಣ್ಣ ದೊಡ್ಡ ರಂದಗಳು, ನಿಮ್ಮಣ್ಣ ಹುಬ್ಬಳ್ಳಿಯಿಂದ ತರಿಸಿದ್ದ ಮಷೀನು, ಎಲ್ಲವನ್ನೂ ಗಾಡಿಗೆ ಹೇರಿದೆ. ನಾನು ಒಂದಕ್ಕೂ ಬೇಡ ಅನ್ನಲಿಲ್ಲ. ಹತಾರ ಕೆಲಸ ಮಾಡುವವನ ಕೈಯಲ್ಲಿ ಇರಬೇಕೆಂದು ತಿಳಿದವಳು ನಾನು. ಕೊನೆಗೆ ಉಳಿದದ್ದು ಒಂದೇ ರಂದ. ನಿಮ್ಮಪ್ಪನ ಕಾಲದ್ದು, ಕರಿಜಾಲಿ ಮರದ್ದು, ಒಂದು ಮೊಳ ಉದ್ದ. ಅದನ್ನು ಉಜ್ಜಿ ಉಜ್ಜಿ ತಳ ಸವೆದು, ಅಲಗು ಹೊರಗೆ ಇಣುಕುವ ಬಾಯಿ ಬೆರಳು ತೂರುವಷ್ಟು ಅಗಲವಾಗಿತ್ತು. ಅಂಥ ರಂದ ಮರವನ್ನು ನಯ ಮಾಡುವುದಿಲ್ಲ, ಸಿಕ್ಕಲ್ಲಿ ಕಚ್ಚಿ ಕೀಳುತ್ತದೆ. ನೀನು ಅದನ್ನು ಕಾಲಿನಿಂದ ಗೋಡೆಯ ಕಡೆ ಸರಿಸಿ, ಗಾಡಿಯ ಹತ್ತಿರ ನಿಂತವರ ಮುಂದೆ ಒಂದು ಮಾತು ಅಂದೆ. 'ಬಾಯಿ ದೊಡ್ಡದಾದ ರಂದ, ಬಾಯಿ ದೊಡ್ಡದಾದ ಅತ್ತಿಗಿ. ಎರಡೂ ಇಲ್ಲೇ ಇರ್ಲಿ ಬಿಡ್ರಿ, ಬಳ್ಳಾರಿಗ್ಯಾಕ.' ಎಲ್ಲರೂ ನಕ್ಕರು. ನಾನೂ ನಕ್ಕೆ. ಗಾಡಿ ಹೋದ ಮೇಲೆ ರಂದವನ್ನು ಎತ್ತಿ ಸೆರಗಿನಿಂದ ಒರೆಸಿ ಕಣ್ಣಿಗೊತ್ತಿಕೊಂಡು ಒಳಗೆ ಇಟ್ಟೆ. ನನ್ನ ಬಗ್ಗೆ ನೀನು ಆಡಿದ ಮಾತಿಗೆ ನಾನು ಈ ಕಾಗದ ಬರೆಯುತ್ತಿಲ್ಲ. ನನ್ನ ಬಾಯಿ ದೊಡ್ಡದೇ. ಅದು ದೊಡ್ಡದಿದ್ದದ್ದಕ್ಕೇ ಈ ಮನೆಗೆ ಬರಬೇಕಾದ ಕೆಲಸ ಬೇರೆಯವರ ಮನೆಗೆ ಹೋಗಲಿಲ್ಲ.

ಕಾರ್ತೀಕದ ಕೊನೆಯ ಸೋಮವಾರ ಸಿರುಗುಪ್ಪದ ಅಕ್ಕಿ ಗಿರಣಿಯ ದೊಡ್ಡಬಸವರಾಜ ಇಲ್ಲಿ ಗುಡಿಗೆ ಬಂದಿದ್ದವನು ನಮ್ಮ ಮನೆಗೂ ಬಂದ. ಅವನ ಹೆಂಡತಿ ಕಾರಿನಿಂದ ಇಳಿಯಲಿಲ್ಲ, ಆಗಲೇ ನನಗೆ ಅನುಮಾನ ಬಂತು. ಕುಳಿತು, ನೀರು ಕುಡಿದು, ಸುಮ್ಮನೆ ಲೋಟ ತಿರುಗಿಸುತ್ತಿದ್ದ. ಕೊನೆಗೆ ಅಂದ: 'ಅಮ್ಮಾರೇ, ಹೋದವರ ಮ್ಯಾಲೆ ಮಾತಾಡಬಾರ್ದು. ಆದ್ರ ಹೊಟ್ಟ್ಯಾಗ ಇಟ್ಕೊಂಡು ನಿಮ್ಮ ಮುಂದ ನಗಾಕ ನನಗ ಬರಂಗಿಲ್ಲ.' ನಿಮ್ಮಣ್ಣ ಮೂವತ್ತೆರಡು ವರ್ಷದ ಹಿಂದೆ ಅವರ ಹಳೆ ಮನೆಗೆ ಮಾಡಿಕೊಟ್ಟ ತಲೆಬಾಗಿಲನ್ನು ಹೊಸ ಮನೆಗೆ ಕೂರಿಸಬೇಕೆಂದು, ಹಳೆಯ ವಾರ್ನಿಶ್ ತೆಗೆದು ನಯ ಮಾಡಲು ನಿನಗೆ ಕೊಟ್ಟಿದ್ದನಂತೆ. ನಿನಗೇ ಯಾಕೆ ಕೊಟ್ಟೆ ಎಂದು ಕೇಳಿದೆ. 'ನಿಮ್ಮ ಯಜಮಾನರ ಹೆಸರು ಅಂಗಡಿ ಬೋರ್ಡಿನ್ಯಾಗ ಐತಲ್ರಿ, ಅದನ್ನ ನೋಡೇ ಕೊಟ್ವಿ' ಅಂದ. ಅಂಗಡಿ ತೆರೆಯುವಾಗ ನೀನು ನನ್ನ ಮುಂದೆ ಕುಳಿತು, ಅಣ್ಣನ ಹೆಸರಿಲ್ಲದೆ ಬಳ್ಳಾರಿಯಲ್ಲಿ ಯಾರು ಬರುತ್ತಾರೆ ಅತ್ತಿಗೆ ಎಂದು ಕಣ್ಣೀರು ಹಾಕಿದ್ದೆ. ನಾನೇ ಒಪ್ಪಿ, 'ಕಾಡಸಿದ್ದಪ್ಪ ಮತ್ತು ತಮ್ಮ, ಬಾಗಿಲು ಕೆಲಸದವರು, ಕುರುಗೋಡು' ಎಂದು ಚೀಟಿಯಲ್ಲಿ ಬರೆದುಕೊಟ್ಟಿದ್ದೆ. ಪೇಂಟರ್ ಅದನ್ನೇ ನೋಡಿ ಸಾಗವಾನಿ ಹಲಗೆಯ ಮೇಲೆ ಬರೆದ.

ಅವರ ಗಿರಣಿಯ ಗೋದಾಮಿಗೇ ಹೋಗಿ ಆ ಬಾಗಿಲ ಮೇಲೆ ನೀನು ಕರೆಂಟ್ ರಂದ ಓಡಿಸಿದೆ. ಹೊನ್ನೆ ಮರದ ಮೇಲೆ! ಹೊನ್ನೆಯ ನಾರು ಒಂದು ಬೆರಳಗಲ ಈ ಕಡೆ ಮಲಗಿದ್ದರೆ ಪಕ್ಕದ ಬೆರಳಗಲ ಆ ಕಡೆ ಮಲಗಿರುತ್ತದೆ. ಒಂದು ಪಟ್ಟಿಗೆ ಸರಿಯಾಗಿ ಹೋದ ಅಲಗು ಪಕ್ಕದ ಪಟ್ಟಿಗೆ ಎದುರಾಗಿ ಅದನ್ನು ಬೇರು ಸಮೇತ ಕೀಳುತ್ತದೆ. ಎರಡೂ ಕದಗಳು ಪುಕ್ಕ ಕಿತ್ತ ಕೋಳಿಯ ಮೈಯಂತಾದವು. ಇಲ್ಲಿಯವರೆಗೆ ಅದು ಕೆಲಸ ತಿಳಿಯದವನ ತಪ್ಪು. ಕ್ಷಮಿಸುತ್ತಿದ್ದೆ. ಅಣ್ಣನ ಹೆಸರು ಬೋರ್ಡಿಗೆ ಹಾಕಿಕೊಂಡವನು ಅಣ್ಣನ ಗಿರಾಕಿಗೆ ಏನು ಹೇಳಿದೆ? ದೊಡ್ಡಬಸವರಾಜ ನಿನ್ನ ಮಾತನ್ನು ನಿನ್ನ ದನಿಯಲ್ಲೇ ಹೇಳಿದ, ನಾನು ಒಂದಕ್ಷರ ಬಿಡದೆ ಬರೆಯುತ್ತೇನೆ. 'ನಮ್ಮಣ್ಣ ಆವಾಗ ಹೊನ್ನಿ ಅಂತ ಹೇಳಿ ಯಾವ್ದೋ ಜಂಗ್ಲಿ ಕಟಗಿ ಹೊಂದಿಸ್ಯಾನ್ರಿ. ಅದಕ್ಕ ಸಿಡ್ಯಾಕತ್ತೈತಿ. ಬಿಡ್ರಿ ಅದನ್ನ, ಸಾಗವಾನಿದು ಹೊಸಾದು ಮಾಡಿಕೊಡ್ತೀನಿ.' ಓಬಳೇಶ, ಆ ಮರ ಬಂದ ದಿನ ಅದನ್ನು ಗಾಡಿಯಿಂದ ಇಳಿಸಿದವರಲ್ಲಿ ನೀನೂ ಒಬ್ಬ. ಅದರ ಬಣ್ಣ ನಿನ್ನ ಬಿಳಿ ಅಂಗಿಗೆ ಹತ್ತಿ ಹೋಗಲಿಲ್ಲವೆಂದು ನಾನು ಮೂರು ಸಲ ಒಗೆದಿದ್ದೇನೆ. ಮರ ಗೊತ್ತಿಲ್ಲದೆ ಆಡಿದ ಮಾತಲ್ಲ ಅದು. ಸತ್ತವನು ಎದ್ದು ಬಂದು ಉತ್ತರ ಕೊಡುವುದಿಲ್ಲವೆಂದು ಆಡಿದ ಮಾತು.

ನಾನು ದೊಡ್ಡಬಸವರಾಜನಿಗೆ ಎರಡೇ ಮಾತು ಹೇಳಿದೆ. ಬಾಗಿಲು ಎಲ್ಲಿದೆಯೋ ಅಲ್ಲೇ ಇರಲಿ, ಸಂಕ್ರಾಂತಿಯವರೆಗೆ ಅದಕ್ಕೆ ಯಾರೂ ಕೈ ಹಚ್ಚಬಾರದು ಎಂದೆ. ಅದು ಹೊನ್ನೆ ಎಂದು ನಿಮ್ಮ ಮನೆಯವರೆಲ್ಲರ ಕಣ್ಣ ಮುಂದೆ ತೋರಿಸುವವರೆಗೆ ನಿಮ್ಮ ಮನೆಯ ನೀರು ಮುಟ್ಟುವುದಿಲ್ಲ ಎಂದೆ. ಅವನು 'ನೀವು ಯಾರ ಕೈಲೆ ಮಾಡಸ್ತೀರಿ ಅಮ್ಮಾರೇ' ಎಂದು ಕೇಳಿದ. ನನಗೂ ಆಗ ಗೊತ್ತಿರಲಿಲ್ಲ. 'ಆ ಚಿಂತಿ ನಿನಗ್ಯಾಕ' ಎಂದು ಕಳಿಸಿದೆ.

ನಿಮ್ಮಣ್ಣ ಹೊನ್ನೆಗೆ ಕೊನೆಯ ಕೈಯನ್ನು ರಂದದಿಂದ ಹಾಕುತ್ತಲೇ ಇರಲಿಲ್ಲ. ಮುರಿದ ಗರಗಸದ ತುಂಡೊಂದರ ಅಂಚನ್ನು ಮಟ್ಟ ಮಾಡಿ, ಅದನ್ನು ನೆಟ್ಟಗೆ ಹಿಡಿದು, ಎರಡು ಹೆಬ್ಬೆರಳಿನಿಂದ ಒತ್ತಿ ಕೆರೆಯುತ್ತಿದ್ದರು. ಮಲಗಿದ ಅಲಗು ನಾರಿನ ಕೆಳಗೆ ನುಗ್ಗಿ ಎಬ್ಬಿಸುತ್ತದೆ. ನಿಂತ ಅಲಗಿಗೆ ನುಗ್ಗಲು ಆಗುವುದಿಲ್ಲ, ಮೇಲೆ ಮೇಲೆ ಸವರಿ ತೆಗೆಯುತ್ತದೆ. ನಾರು ಯಾವ ಕಡೆ ಮಲಗಿದ್ದರೂ ಅದಕ್ಕೆ ಒಂದೇ. ಒಂದು ಕದ ಮುಗಿಸಲು ವಾರ ಹಿಡಿಯುತ್ತಿತ್ತು. ತಗಡು ಕಾದು ಅವರ ಬೆರಳು ಸುಡುತ್ತಿತ್ತು, ನಾನು ಬೆಣ್ಣೆ ಹಚ್ಚುತ್ತಿದ್ದೆ. ಇದನ್ನು ಕಲಿಸುತ್ತೇನೆ ಬಾ ಎಂದು ನಿನ್ನನ್ನು ಎಷ್ಟು ಸಲ ಕರೆದರು? 'ಅದೇನ ಅಣ್ಣ, ಬರೇ ಕೆರೆಯೋದು' ಎಂದು ನೀನು ಬಳ್ಳಾರಿಗೆ ಮ್ಯಾಟನಿ ನೋಡಲು ಓಡಿಹೋಗುತ್ತಿದ್ದೆ. ಬಾಗಿಲು ಮಾಡುವುದನ್ನು ಕಲಿತೆ, ಮುಗಿಸುವುದನ್ನು ಕಲಿಯಲಿಲ್ಲ. ನಮ್ಮ ಮನೆಯ ಹೆಂಗಸರು ಕೆಲಸದ ಹಲಗೆಯ ಮುಂದೆ ಕೂರುವ ಪದ್ಧತಿ ಇರಲಿಲ್ಲ, ಆದರೆ ಅಲಗುಗಳಿಗೆ ಸಾಣೆ ಹಿಡಿಯುವ ಕೆಲಸ ನಲವತ್ತು ವರ್ಷ ನನ್ನದೇ ಆಗಿತ್ತು. ಕಲ್ಲಿನ ಮುಂದೆ ಕುಳಿತು ಅವರ ಕೈ ನೋಡುತ್ತಿದ್ದೆ. ಕಣ್ಣಿಗೆ ಯಾವ ಪದ್ಧತಿಯೂ ಅಡ್ಡಿ ಮಾಡಲಿಲ್ಲ.

ಮೊದಲ ದಿನ ಮೂಲೆಯಲ್ಲಿ ಬಿದ್ದಿದ್ದ ಗರಗಸದ ತುಂಡು ಹಿಡಿದು ಮನೆಯಲ್ಲೇ ಹೊನ್ನೆಯ ಚೂರೊಂದನ್ನು ಕೆರೆದು ನೋಡಿದೆ. ಕಾಲು ಗಂಟೆಗೆ ಹೆಬ್ಬೆರಳಿಗೆ ಬೊಬ್ಬೆ ಬಂದವು. ಅರವತ್ತೇಳು ವರ್ಷದ ಕೈ ಆಳೆತ್ತರದ ಎರಡು ಕದಗಳನ್ನು ಹಾಗೆ ಮುಗಿಸುವುದು ಸಾಧ್ಯವಿರಲಿಲ್ಲ. ಆಗ ನಿಮ್ಮಣ್ಣನ ಜೊತೆ ಮೂವತ್ತು ವರ್ಷ ಮರ ಕೊಯ್ದ ಮಾರೆಣ್ಣನಿಗೆ ಹೇಳಿಕಳಿಸಿದೆ. ಅವನಿಗೆ ಈಗ ಕಣ್ಣು ಮಂಜು, ಎದುರು ಬಂದವರು ಗಂಡಸೋ ಹೆಂಗಸೋ ಎಂದು ದನಿ ಕೇಳಿ ಹೇಳುತ್ತಾನೆ. ಕೈ ಮಾತ್ರ ಹಾಗೇ ಇದೆ. ನೀನು ಬಿಟ್ಟು ಹೋದ ರಂದವನ್ನು ಅವನ ಮಡಿಲಲ್ಲಿ ಇಟ್ಟು, ಇದರಲ್ಲಿ ಅಲಗನ್ನು ಮಲಗಿಸದೆ ನಿಲ್ಲಿಸಲು ಬರುತ್ತದೆಯೇ ಎಂದು ಕೇಳಿದೆ. ಅವನು ಬಾಯಿಯೊಳಗೆ ಬೆರಳು ತೂರಿಸಿ ತಡವಿ ನೋಡಿ ನಕ್ಕ. 'ಅಕ್ಕಾ, ಅಲಗು ನಿಲ್ಲಬೇಕಂದ್ರ ಬಾಯಿ ಇಷ್ಟ ಅಗಲ ಇರಬೇಕು. ಹೊಸಾ ರಂದ ತಂದಿದ್ರ ನಾನು ಉಳಿ ಹೊಡದು ಅಗಲ ಮಾಡಬೇಕಾಗ್ತಿತ್ತು. ಓಬಳೇಶ ಪುಣ್ಯಾತ್ಮ, ಸರಿಯಾದ್ದನ್ನ ಬಿಟ್ಟು ಹೋಗ್ಯಾನ.'

ಮೊದಲು ಅಲಗನ್ನು ಬಿಗಿಯುವ ಅಡ್ಡಗೂಟವನ್ನು ಹೊಡೆದು ತೆಗೆದೆವು. ಒಳಗೆ ಅಲಗು ಒರಗುವ ಇಳಿಜಾರಿನ ಮೇಲೆ ಕರಿಜಾಲಿಯದೇ ಮುಕ್ಕೋನದ ಚಕ್ಕೆಯೊಂದನ್ನು ಕೆತ್ತಿ ಕೂರಿಸಿದೆವು. ಈಗ ಅಲಗು ಹಿಂದಕ್ಕೆ ಒರಗುವ ಬದಲು ನೆಟ್ಟಗೆ ನಿಂತು, ತುಸು ಮುಂದಕ್ಕೆ ಬಾಗಿತು, ಬಾವಿ ಇಣುಕಿ ನೋಡುವ ಹೆಂಗಸಿನ ಹಾಗೆ. ಅದನ್ನು ಚಕ್ಕೆಗೆ ಒತ್ತಿ ಹಿಡಿಯಲು ಹಿತ್ತಾಳೆಯ ಪಟ್ಟಿ ಒಂದು, ಸ್ಕ್ರೂ ಎರಡು. ಹೇಳಲು ಇಷ್ಟೇ. ಚಕ್ಕೆಯನ್ನು ಮಾರೆಣ್ಣ ಒಂಬತ್ತು ಸಲ ಕೆತ್ತಿದ. ಕೂದಲಿನಷ್ಟು ಸಂದು ಉಳಿದರೂ ಬೆರಳಿನಿಂದ ತಡವಿ 'ಉಸುರು ಬರಾಕತ್ತೈತಿ, ತಗಿ' ಅನ್ನುತ್ತಿದ್ದ. ನಾನು ಅಲಗಿಗೆ ಮೊದಲು ಆ ಗರಗಸದ ತುಂಡನ್ನೇ ಹಾಕಿದೆ. ನಾನು ರೊಟ್ಟಿ ತಟ್ಟುವಾಗ ಕೂರುವ ಹೊನ್ನೆಯ ಮಣೆಯ ಮೇಲೆ ನೂಕಿ ನೋಡಿದರೆ ತಗಡು ತೆಳುವಾಗಿ ನಡುಗಿ, ಮಣೆಯ ತುಂಬ ಅಲೆ ಅಲೆಯಾಗಿ ಗೆರೆ ಬಿತ್ತು. 'ಅಕ್ಕಾ, ಇದು ರಂದಲ್ಲ, ಜ್ವರ ಬಂದ ಮೇಕಿ' ಅಂದ ಮಾರೆಣ್ಣ. ತಗಡು ತೆಗೆದು ರಂದದ ಹಳೆಯ ದಪ್ಪ ಅಲಗನ್ನೇ ಸಾಣೆ ಹಿಡಿದೆ. ನಡುಕ ನಿಂತಿತು, ಆದರೆ ಸುರುಳಿ ಹೊಟ್ಟು ಬರಲಿಲ್ಲ, ಬರೀ ಪುಡಿ ಬಂತು. ಮಾರೆಣ್ಣ ಪುಡಿಯನ್ನು ತಡವಿ, 'ಹಿಟ್ಟು ಬೀಸಾಕತ್ತೀ ಏನು? ಯಾರ್ ಬರ್ತಾರ ಊಟಕ್ಕ?' ಎಂದು ಕೇಳಿದ. ನನಗೆ ಸಿಟ್ಟು ಬಂದು ಎರಡು ದಿನ ಅವನಿಗೆ ಚಹಾ ಕೊಡಲಿಲ್ಲ.

ತಪ್ಪು ಎಲ್ಲಿತ್ತೆಂದು ಕಲ್ಲಿನ ಮುಂದೆ ಕುಳಿತಾಗ ಹೊಳೆಯಿತು. ರಂದದ ಅಲಗು ಕತ್ತರಿಸಬೇಕು, ಅದಕ್ಕೆ ನಾನು ಅಂಚನ್ನು ಚೂಪು ಮಾಡಿ ಬಿಟ್ಟಿದ್ದೆ. ಕೆರೆಯುವ ಅಲಗಿಗೆ ಚೂಪು ಸಾಲದು. ನಿಮ್ಮಣ್ಣ ಸಾಣೆ ಹಿಡಿಸಿದ ಮೇಲೆ ಟ್ರ್ಯಾಕ್ಟರ್ ಇಂಜಿನ್ನಿನ ಹಳೆಯ ವಾಲ್ವಿನ ಕಡ್ಡಿಯಿಂದ ಆ ಅಂಚನ್ನು ಒತ್ತಿ ಎಳೆಯುತ್ತಿದ್ದರು. ಅಂಚು ಮುಂದಕ್ಕೆ ಮಡಚಿ, ಕಣ್ಣಿಗೆ ಕಾಣದಷ್ಟು ಸಣ್ಣ ಕೊಕ್ಕೆಯಾಗುತ್ತಿತ್ತು. ಉಗುರು ಸವರಿದರೆ ಮಾತ್ರ ತಿಳಿಯುತ್ತದೆ. ಮರವನ್ನು ಕೆರೆಯುವುದು ಆ ಕೊಕ್ಕೆ. ವಾಲ್ವಿನ ಕಡ್ಡಿ ನೀನು ಒಯ್ದ ಪೆಟ್ಟಿಗೆಯಲ್ಲಿ ಹೋಗಿತ್ತು, ನಿನಗೆ ಅದು ಏನೆಂದೂ ಗೊತ್ತಿರಲಿಕ್ಕಿಲ್ಲ. ನಾನು ಬಸ್ ಸ್ಟ್ಯಾಂಡಿನ ಹತ್ತಿರದ ಟ್ರ್ಯಾಕ್ಟರ್ ರಿಪೇರಿಯವನಲ್ಲಿ ಹೋಗಿ ಬೇರೆ ತಂದೆ. ಮೂರು ಸಲ ಕೊಕ್ಕೆ ಮುರಿಯಿತು, ಒಂದು ಸಲ ಹಿಂದಕ್ಕೆ ಮಡಚಿತು. ಐದನೆಯ ಸಲ ಮಣೆಯ ಮೇಲೆ ನೂಕಿದಾಗ ಬಾಯಿಂದ ಈರುಳ್ಳಿಯ ಸಿಪ್ಪೆಯಂಥ ಹೊಟ್ಟು ಸುರುಳಿ ಸುರುಳಿಯಾಗಿ ಎದ್ದು ಬಂತು. ಮಾರೆಣ್ಣನ ಕೈಗೆ ಇಟ್ಟೆ. ಅವನು ಅದನ್ನು ಕೆನ್ನೆಗೆ ಸವರಿಕೊಂಡ. 'ಕಾಡಸಿದ್ದಪ್ಪಣ್ಣಂದ ಐತಿ ಇದು' ಅಂದ. ಅವನಿಗೆ ಅವತ್ತು ಚಹಾದ ಜೊತೆ ಉಪ್ಪಿಟ್ಟು ಮಾಡಿಕೊಟ್ಟೆ.

ಸಂಕ್ರಾಂತಿ ಕಳೆದ ಮರುದಿನದಿಂದ ಹನ್ನೊಂದು ದಿನ ನಾನೂ ಮಾರೆಣ್ಣನೂ ಬೆಳಗಿನ ಬಸ್ಸಿಗೆ ಸಿರುಗುಪ್ಪಕ್ಕೆ ಹೋಗಿ ಸಂಜೆಯ ಬಸ್ಸಿಗೆ ಬಂದೆವು. ಗಿರಣಿಯ ಕಾರು ಕಳಿಸುತ್ತೇವೆಂದರು, ಬೇಡವೆಂದೆ. ಬುತ್ತಿ ನಮ್ಮದೇ, ಕುಡಿಯುವ ನೀರೂ ನಮ್ಮದೇ ಬಾಟಲಿಯಲ್ಲಿ. ಗೋದಾಮಿನಲ್ಲಿ ಭತ್ತದ ಚೀಲಗಳ ಮೇಲೆ ಕದ ಮಲಗಿಸಿ, ರಂದದ ಮೂತಿಗೆ ಹಗ್ಗ ಕಟ್ಟಿ, ನಾನು ಹಿಂದಿನಿಂದ ನೂಕಿದೆ, ಮಾರೆಣ್ಣ ಎದುರಿನಿಂದ ಎಳೆದ. ಮೊದಲ ದಿನ ಹಮಾಲರೆಲ್ಲ ಬೀಡಿ ಹಚ್ಚಿಕೊಂಡು ಸುತ್ತ ನಿಂತು, 'ಯಜ್ಜ ಯಜ್ಜಿ ಬಾಗಲಾ ಜಗ್ಯಾಡಾಕತ್ತಾರ, ಯಾರ ಪಾಲಿಗೆ ಬರ್ತತೋ ನೋಡ್ರಲೇ' ಎಂದು ನಗಾಡಿದರು. ಮಾರೆಣ್ಣ ಹಗ್ಗ ಬಿಡದೆ, 'ಲೇ, ನಗೋ ಬಾಯಾಗ ಬೀಡಿ ಬಿದ್ದೀತು, ಕೆಳಗ ಹೊಟ್ಟು ಐತಿ, ಗಿರಣಿ ಸುಟ್ಟ ಹೋದೀತು' ಅಂದ. ಮೂರನೆಯ ದಿನಕ್ಕೆ ನಗುವ ದನಿ ನಿಂತಿತು. ನೀನು ಕಿತ್ತ ಗುಳಿಗಳ ಆಳದವರೆಗೆ ಇಡೀ ಹಲಗೆಯನ್ನು ಕೂದಲು ಕೂದಲಾಗಿ ಇಳಿಸಬೇಕಾಗಿತ್ತು. ಎರಡು ಗಂಟೆಗೊಮ್ಮೆ ಅಲಗು ತೆಗೆದು ಕೊಕ್ಕೆ ಹೊಸದಾಗಿ ಮಡಚಬೇಕು. ನನ್ನ ಹೆಬ್ಬೆರಳು ಸುಲಿದದ್ದು ಆಗಲೇ. ಪ್ರತಿ ಗುಳಿ ಮಾಯವಾದಾಗಲೂ ನಿನ್ನ ಒಂದೊಂದು ಮಾತು ಅಳಿಸಿದಂತಾಗುತ್ತಿತ್ತು. ಸುಳ್ಳೇಕೆ ಹೇಳಲಿ, ನನ್ನ ಜೀವಮಾನದಲ್ಲಿ ಇಷ್ಟು ಖುಷಿಯಿಂದ ನಾನು ಯಾವ ಕೆಲಸವನ್ನೂ ಮಾಡಿಲ್ಲ.

ಮೊದಲ ಕದದ ಅರ್ಧ ಬೆಳಕಿಗೆ ಬಂದ ದಿನ ದೊಡ್ಡಬಸವರಾಜನನ್ನು, ಅವನ ಹೆಂಡತಿಯನ್ನು, ಅವನ ತಾಯಿ ಉಚ್ಚಂಗೆಮ್ಮನವರನ್ನು ಗೋದಾಮಿಗೆ ಕರೆಸಿದೆ. ಗಾಜಿನ ಲೋಟದಲ್ಲಿ ನನ್ನ ಬಾಟಲಿಯ ನೀರು ಹಾಕಿ, ಆ ಕದದ ಹೊಟ್ಟನ್ನು ಒಂದು ಹಿಡಿ ಮುಳುಗಿಸಿ ಇಟ್ಟು, ನೋಡುತ್ತಿರಿ ಎಂದು ನನ್ನ ಕೆಲಸಕ್ಕೆ ಕುಳಿತೆ. ಸ್ವಲ್ಪ ಹೊತ್ತಿಗೆ ನೀರು ಜೇನಿನ ಬಣ್ಣಕ್ಕೆ ತಿರುಗಿತು. ಲೋಟವನ್ನು ಬಾಗಿಲ ಬಿಸಿಲಿಗೆ ಹಿಡಿದರೆ ಅಂಚಿನ ಸುತ್ತ ನವಿಲಿನ ಕೊರಳಿನಂಥ ನೀಲಿ. ಜಂಗ್ಲಿ ಕಟ್ಟಿಗೆ ಹಾಗೆ ಬಣ್ಣ ಬಿಡುವುದಿಲ್ಲ, ಹೊನ್ನೆಯೇ ಬಿಡಬೇಕು. ಉಚ್ಚಂಗೆಮ್ಮನವರಿಗೆ ಎಂಬತ್ತು ದಾಟಿದೆ. ತಮ್ಮ ಅತ್ತೆ ಸಕ್ಕರೆ ಕಾಯಿಲೆಗೆ ಹೊನ್ನೆಯ ಲೋಟದ ನೀರು ಕುಡಿಯುತ್ತಿದ್ದದ್ದನ್ನು ಕಂಡವರು. ಲೋಟ ನೋಡಿದವರೇ ಮಗನ ಕಡೆ ತಿರುಗಿ, 'ಯಾವನ ಮಾತು ಕೇಳಿ ಯಾರ ಮ್ಯಾಲೆ ಅನುಮಾನ ಪಟ್ಟಿ ನೋಡು' ಎಂದರು. ದೊಡ್ಡಬಸವರಾಜ ನನ್ನ ಕಾಲು ಮುಟ್ಟಲು ಬಗ್ಗಿದ. ಅವನ ಹೆಂಡತಿ ಒಳಗೆ ಹೋಗಿ ತಾನೇ ನೀರು ತಂದಳು. ಕುಡಿದೆ.

ಹೋದ ಸೋಮವಾರ ಬಾಗಿಲು ಕೂರಿಸಿದರು. ನಿನಗೂ ಹೇಳಿಸಿದ್ದೆ. ನಾನೇ ಅವರಿಗೆ ನಿನ್ನ ನಂಬರ್ ಕೊಟ್ಟು, ತಪ್ಪದೆ ಕರೆಯಿರಿ ಎಂದಿದ್ದೆ. ನೀನು ಅಂಗಡಿ ಗದ್ದಲ ಎಂದೆಯಂತೆ. ನಮ್ಮ ಕಡೆಯ ಪದ್ಧತಿ ನಿನಗೆ ಗೊತ್ತು. ಬಾಗಿಲಿಗೆ ಅರಿಶಿನ ಕುಂಕುಮ ಏರಿಸುವ ಮೊದಲು ಮನೆಯ ಹಿರಿಯರು 'ಬಾಗಲಾ ಯಾರ ಕೈದು' ಎಂದು ಕೇಳುತ್ತಾರೆ. ಬಡಿಗೇರನು ಎದ್ದು ತನ್ನ ಹೆಸರು ಹೇಳಿ ಆಯಾರದ ಬಟ್ಟೆ ತೆಗೆದುಕೊಳ್ಳಬೇಕು, ಆಮೇಲೆಯೇ ಮನೆಯವರು ಹೊಸ್ತಿಲು ದಾಟುವುದು. ನನ್ನನ್ನು ಮುಂದೆ ಕರೆದಾಗ ಅವರ ಸಂಬಂಧಿಕಳೊಬ್ಬಳು ಗಂಡ ಇಲ್ಲದವಳು ಹೊಸ ಬಾಗಿಲ ಮುಂದೆ ನಿಲ್ಲಬಹುದೇ ಎಂದು ಪಿಸುಗುಟ್ಟಿದಳು, ಎಲ್ಲರಿಗೂ ಕೇಳುವ ಹಾಗೆ. ಉಚ್ಚಂಗೆಮ್ಮನವರು ಅಂದರು: 'ಸತ್ತ ಬಾಗಲಾನ ಎಬ್ಬಿಸಿದಾಕಿ ಆಕಿ. ನಿನಗ ನೋಡಾಕ ಆಗ್ಲಿಲ್ಲಂದ್ರ ಹಿತ್ತಲ ಕಡಿಂದ ಬಾ.' ಆಮೇಲೆ ನನ್ನ ಮುಖ ನೋಡಿ ಕೇಳಿದರು, ಬಾಗಲಾ ಯಾರ ಕೈದು ಎಂದು.

ಓಬಳೇಶ, ನಾನು ನಿಮ್ಮಣ್ಣನ ಹೆಸರನ್ನು ಕಾಗದದ ಮೇಲೆ ಬೇಕಾದಷ್ಟು ಸಲ ಬರೆದಿದ್ದೇನೆ. ಬಾಯಿಂದ ಒಮ್ಮೆಯೂ ಹೇಳಿರಲಿಲ್ಲ. ಮದುವೆಯ ದಿನ ಒಗಟು ಹಾಕಿ ಹೇಳು ಎಂದು ಪೀಡಿಸಿದಾಗಲೂ ಹೇಳಲಿಲ್ಲ, ಆಸ್ಪತ್ರೆಯಲ್ಲಿ ನರ್ಸು ಪೇಷಂಟಿನ ಹೆಸರೇನೆಂದು ಗದರಿದಾಗಲೂ ನಿನ್ನನ್ನು ಕರೆದು ಹೇಳಿಸಿದೆ. ಅವತ್ತು ಅಷ್ಟು ಜನರ ಮುಂದೆ ಗಟ್ಟಿಯಾಗಿ, 'ಕುರುಗೋಡಿನ ಕಾಡಸಿದ್ದಪ್ಪನ ಕೈದು' ಎಂದೆ. ಮಾರೆಣ್ಣ ಹೆಗಲ ಟವೆಲಿನಲ್ಲಿ ಮುಖ ಮುಚ್ಚಿಕೊಂಡ. ದೊಡ್ಡಬಸವರಾಜನ ಸೋದರಮಾವ, ಹಾಗಾದರೆ ಅದನ್ನು ಕೆಡಿಸಿದ್ದು ಯಾರು ಎಂದು ಕೇಳಿದರು. ನಿನ್ನ ಹೆಸರನ್ನೂ ಅಷ್ಟೇ ಗಟ್ಟಿಯಾಗಿ ಹೇಳಿದೆ. ಅದನ್ನು ಹೇಳಲು ನನಗೆ ಯಾವ ಪದ್ಧತಿಯ ಅಡ್ಡಿಯೂ ಇರಲಿಲ್ಲ. ಸಿರುಗುಪ್ಪ, ಮೋಕ, ರಾರಾವಿ, ಎಲ್ಲ ಕಡೆಯ ಬಂಧುಗಳೂ ಅಲ್ಲಿದ್ದರು. ಬುಧವಾರ ನೀನು ಗಡಬಡಿಸಿ ಮದುವೆಗೆ ಮೂರು ದಿನ ಮೊದಲೇ ಆದೋನಿಗೆ ಹೊರಟದ್ದು ಯಾಕೆಂದು ಭಾಗ್ಯಳಿಗೆ ನೀನು ಏನು ಹೇಳಿದೆಯೋ ನನಗೆ ಗೊತ್ತಿಲ್ಲ. ಈ ಕಾಗದವನ್ನು ಅವಳಿಗೂ ಓದಲು ಕೊಡು. ಕೊಡದಿದ್ದರೆ ನನ್ನ ಹತ್ತಿರ ಇನ್ನೊಂದು ಪ್ರತಿ ಇದೆ.

ಭಾಗ್ಯಳಿಗೂ ಮಕ್ಕಳಿಗೂ ನನ್ನ ಆಶೀರ್ವಾದ. ಹೊಸ ಮದುಮಕ್ಕಳಿಗೆ ಒಳ್ಳೆಯದಾಗಲಿ, ಅವರಿಗೆ ಮಂಚವೋ ಕಪಾಟೋ ಬೇಕಾದರೆ ನನಗೆ ತಿಳಿಸಲಿ. ನಿನಗೆ ಇವತ್ತು ಆಶೀರ್ವಾದ ಬರೆಯಲು ಪೆನ್ನು ಓಡುತ್ತಿಲ್ಲ. ಸೊಂಟ ನೋಡಿಕೋ.

ನಿನ್ನ ಅತ್ತಿಗೆ,
ವಿರೂಪಮ್ಮ

ತಾ.ಕ.: ನಿನ್ನ ಅಂಗಡಿಯ ಕೆಲಸಗಾರ ಹುಲಿಗೇಶ ಆದೋನಿಯ ಊಟಕ್ಕೆ ಹೊರಟು ಬಾಗಿಲಲ್ಲಿ ನಿಂತಿದ್ದಾನೆ, ಬಸ್ಸಿಗೆ ಹೊತ್ತಾಯಿತಂತೆ. ಕಾಗದ ಅವನ ಕೈಯಲ್ಲೇ ಕಳಿಸುತ್ತಿದ್ದೇನೆ. ಅವನನ್ನು ಬೈಯಬೇಡ, ನಾನು ಹೇಳಿದ್ದನ್ನು ಮಾಡಿದ್ದಾನೆ ಅಷ್ಟೇ. ಮೊನ್ನೆ ಶುಕ್ರವಾರ ಬೆಳಿಗ್ಗೆ ನಾನೂ ಮಾರೆಣ್ಣನೂ ರಂದ ತೆಗೆದುಕೊಂಡು ಬಳ್ಳಾರಿಗೆ ಹೋಗಿದ್ದೆವು. ಹುಲಿಗೇಶನಿಂದ ಏಣಿ ಹಾಕಿಸಿ ಬೋರ್ಡು ಇಳಿಸಿ, ನಿನ್ನ ಕೆಲಸದ ಮೇಜಿನ ಮೇಲೆಯೇ ಮಲಗಿಸಿದೆ. ಪೇಂಟು ಗಟ್ಟಿ ಇತ್ತು, ಆದರೆ ಏಳೆಂಟು ಎಳೆತಕ್ಕೆ ನಿಮ್ಮಣ್ಣನ ಹೆಸರು ಪೂರ್ತಿ ಎದ್ದು ಬಂತು, ಕೆಳಗೆ ಬರಿಯ ಸಾಗವಾನಿ. ಆ ಹೊಟ್ಟನ್ನು ಒಂದು ಚೂರು ಬಿಡದೆ ಆರಿಸಿ ಸೆರಗಿನಲ್ಲಿ ಕಟ್ಟಿಕೊಂಡು ಬಂದಿದ್ದೇನೆ. ಉಳಿದ ಅಕ್ಷರಗಳನ್ನು ಮುಟ್ಟಲಿಲ್ಲ, ಅವು ನಿನ್ನವು. ಬೋರ್ಡನ್ನು ಮತ್ತೆ ಇದ್ದಲ್ಲೇ ಏರಿಸಿದೆವು. ಈಗ ಅದರಲ್ಲಿ 'ಮತ್ತು ತಮ್ಮ, ಬಾಗಿಲು ಕೆಲಸದವರು, ಕುರುಗೋಡು' ಎಂದು ಇದೆ. ಹುಲಿಗೇಶ ಏಣಿಯಿಂದ ಇಳಿದು, ಕತ್ತೆತ್ತಿ ಎರಡು ಸಲ ಓದಿ, 'ಅಮ್ಮಾರೇ, ಯಾರ ತಮ್ಮ ಅಂತ ಗಿರಾಕಿ ಕೇಳಿದ್ರ ನಾ ಏನ್ ಹೇಳ್ಲಿ?' ಎಂದು ಕೇಳಿದ. 'ನಿಮ್ಮ ಮಾಲಕ ಆದೋನಿಯಿಂದ ಬರ್ತಾನ, ಅವನೇ ಹೇಳ್ತಾನ' ಎಂದು ಬಂದಿದ್ದೇನೆ.